‘ವೇಸ್ಟ್’ ಎಂಬ ಒಂದು ಪದ

ಇಂಗ್ಲಿಷಿನಲ್ಲಿ ಕೆಲವು ಪದಗಳುಂಟು. ನೋಡಲು ಗಿಡ್ಡ, ಹೊಟ್ಟೆ ಮಾತ್ರ ಬಲು ದೊಡ್ಡದು. ಒಂದೇ ಉಸಿರಿಗೆ ಮುಗಿದುಹೋಗುವ ಇಂಥ ಪದವನ್ನು ಕನ್ನಡಕ್ಕೆ ತರಲು ಕುಳಿತವನು ಅರ್ಧ ನಿಘಂಟನ್ನೇ ಮಗುಚಿಹಾಕಬೇಕಾಗುತ್ತದೆ. ಈ ಹೊತ್ತು ನಾನು ಆರಿಸಿಕೊಂಡಿರುವುದು ಅಂಥದೊಂದು ಪದ: ‘ವೇಸ್ಟ್’.

ಇದನ್ನು ಇಂಗ್ಲಿಷ್ ಪದವೆನ್ನುವುದೂ ಈಗ ಪೂರ್ತಿ ಸರಿಯಲ್ಲ. ನಮ್ಮ ಮನೆಗಳಲ್ಲಿ ಅದು ಎಂದೋ ಒಳಗೆ ಬಂದು ಜಗುಲಿಯ ಮೇಲೆ ಕಾಲುಚಾಚಿ ಕುಳಿತಿದೆ. ‘ಅನ್ನ ವೇಸ್ಟ್ ಮಾಡಬೇಡ’ ಎಂದು ಅಜ್ಜಿ ಮೊಮ್ಮಗನನ್ನು ಗದರುತ್ತಾಳೆ. ‘ಬಸ್ಸಿಗೆ ಕಾದು ಟೈಮೆಲ್ಲ ವೇಸ್ಟ್ ಆಯಿತು’ ಎಂದು ಮಗ ಗೊಣಗುತ್ತಾನೆ. ‘ಅವನೊಬ್ಬ ವೇಸ್ಟ್ ಬಾಡಿ ಕಣೋ’ ಎಂದು ಕಾಲೇಜಿನ ಹುಡುಗರು ತಮ್ಮ ಗೆಳೆಯನಿಗೇ ಪ್ರಶಸ್ತಿ ಕೊಡುತ್ತಾರೆ. ಚಳ್ಳಕೆರೆಯಂಥ ಊರಿನಲ್ಲಿ ಯಂತ್ರ ರಿಪೇರಿ ಮಾಡುವವನು ಅಂಗಡಿಗೆ ಹೋಗಿ ‘ಎರಡು ಕೆ.ಜಿ. ವೇಸ್ಟ್ ಕೊಡಿ’ ಎನ್ನುತ್ತಾನೆ. ದುಡ್ಡು ಎಣಿಸಿ ಕೊಟ್ಟು ಗಂಟು ಕಟ್ಟಿಸಿಕೊಂಡು ಬರುತ್ತಾನೆ. ಕೈಗೆ, ಯಂತ್ರಕ್ಕೆ ಮೆತ್ತಿದ ಎಣ್ಣೆ ಒರಸುವ ನೂಲಿನ ಸಿಕ್ಕು ಅದು. ಕಾಸು ಕೊಟ್ಟು ಕೊಳ್ಳುವ ಪದಾರ್ಥಕ್ಕೆ ‘ವೇಸ್ಟ್’ ಎಂದು ಹೆಸರು! ಇನ್ನು ದರ್ಜಿಯ ಅಂಗಡಿಯಲ್ಲಿ ‘ವೇಸ್ಟ್ ಎಷ್ಟು?’ ಎಂದರೆ ಅದು ಸೊಂಟದ ಸುತ್ತಳತೆ. ಆ ಪದ ಬೇರೆ, ಇಂಗ್ಲಿಷಿನಲ್ಲಿ ಅದರ ಕಾಗುಣಿತವೂ ಬೇರೆ. ಕಿವಿಗೆ ಮಾತ್ರ ಎರಡೂ ಒಂದೇ. ಬಾನುಲಿಯಲ್ಲಿ ಮಾತನಾಡುವವನಿಗೆ ಕಾಗುಣಿತ ತೋರಿಸುವ ಅನುಕೂಲವಿಲ್ಲ; ಆದುದರಿಂದ ಸೊಂಟದ ವಿಚಾರವನ್ನು ಇಲ್ಲಿಗೇ ಬಿಡುತ್ತೇನೆ.

ಪದದ ಹುಟ್ಟು ಲ್ಯಾಟಿನಿನಲ್ಲಿ. ಅಲ್ಲಿ ‘ವಾಸ್ತುಸ್’ ಎಂದರೆ ಬರಿದು, ನಿರ್ಜನ, ಬಿಕೋ ಎನ್ನುವಂಥದು. ಫ್ರಾನ್ಸಿನ ಉತ್ತರಭಾಗದ ಆಡುಮಾತಿನ ಮೂಲಕ ಅದು ಇಂಗ್ಲೆಂಡಿಗೆ ಬಂತು. ವಿಶಾಲವೆಂಬ ಅರ್ಥದ ‘ವಾಸ್ಟ್’, ಧ್ವಂಸಮಾಡುವುದೆಂಬ ಅರ್ಥದ ‘ಡೆವಸ್ಟೇಟ್’ ಇವೆರಡೂ ಅದರ ದಾಯಾದಿಗಳು. ಮೊದಲು ಇದ್ದ ಅರ್ಥ ಒಂದೇ: ಮನುಷ್ಯನಿಲ್ಲದ ಬಯಲು. ಬಯಲಿನಿಂದ, ಬಯಲುಮಾಡುವುದಕ್ಕೆ ಹೋಯಿತು. ದಂಡೆತ್ತಿ ಬಂದವರು ಊರನ್ನು ಸುಟ್ಟು ‘ವೇಸ್ಟ್’ ಮಾಡಿದರು. ಅಲ್ಲಿಂದ ಸವೆಯುವುದಕ್ಕೆ, ಸೊರಗುವುದಕ್ಕೆ ಹರಿಯಿತು. ರೋಗಿಯ ಮೈ ಕರಗುತ್ತ ಬಂದರೆ ಅದೂ ‘ವೇಸ್ಟ್’ ಆಗುವುದೇ. ಕೊನೆಗೆ ಬಳಸಿ ಉಳಿದ ಚೂರುಪಾರಿಗೂ, ಬಳಸದೆ ಕಳೆದುಕೊಂಡ ಹೊತ್ತಿಗೂ ಅದೇ ಹೆಸರಾಯಿತು. ಜಾಗ, ಕೆಲಸ, ಪದಾರ್ಥ, ಕಾಲ ಈ ನಾಲ್ಕಕ್ಕೂ ಒಂದೇ ಮುದ್ರೆ.

ಕನ್ನಡದ ದಾರಿ ಹಾಗಲ್ಲ. ದುಡ್ಡು ‘ದಂಡ’ವಾಗುತ್ತದೆ, ನೀರು ‘ಪೋಲಾ’ಗುತ್ತದೆ, ಊಟ ‘ಹಾಳಾ’ಗುತ್ತದೆ, ಶ್ರಮ ‘ವ್ಯರ್ಥ’ವಾಗುತ್ತದೆ, ಮೈ ‘ಸೊರಗು’ತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ: ‘ಮೈ ಪೋಲಾಯಿತು’ ಎಂದರೆ ಕೇಳಿದವರು ನಗುತ್ತಾರೆ. ‘ಆತುರ ಮಾಡಿದರೆ ವೇಸ್ಟ್’ ಎಂಬರ್ಥದ ಇಂಗ್ಲಿಷ್ ಗಾದೆಗೆ ಸಮನಾಗಿ ನಮ್ಮಲ್ಲಿ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎನ್ನುತ್ತಾರೆ. ಇಂಗ್ಲಿಷಿನವನ ಕಣ್ಣು ನಷ್ಟವಾದ ಮಾಲಿನ ಮೇಲೆ, ನಮ್ಮವರ ಕಣ್ಣು ಮಾಡಿದವನ ಬುದ್ಧಿಯ ಮೇಲೆ. ಯಾವುದು ಮೇಲು ಎಂಬ ಪಂಚಾಯಿತಿ ಬೇಡ. ಎರಡೂ ಬೇರೆ ಎಂಬಷ್ಟು ಸಾಕು. ಕಿಟ್ಟೆಲರ 1894ರ ಮಹಾನಿಘಂಟು ಕನ್ನಡದಿಂದ ಇಂಗ್ಲಿಷಿಗೆ ಹೋಗುವುದು. ತರ್ಜುಮೆಯವನಿಗೆ ಬೇಕಾದದ್ದು ಅದರ ತಿರುಗುದಾರಿ. ಆ ದಾರಿಗೆ 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇಂಗ್ಲಿಷ್–ಕನ್ನಡ ನಿಘಂಟನ್ನು ಕೊಟ್ಟಿತು. ಆದರೆ ನಿಘಂಟು ಎಷ್ಟೇ ಒಳ್ಳೆಯದಾಗಲಿ, ಪರ್ಯಾಯಪದಗಳನ್ನು ಸಾಲಾಗಿ ನಿಲ್ಲಿಸಬಲ್ಲುದು; ಯಾವ ಮನೆಗೆ ಯಾರನ್ನು ಕಳಿಸಬೇಕೆಂದು ಅದು ಹೇಳಲಾರದು.

ಉಳಿಕೆಯ ಮಾತನ್ನೇ ತೆಗೆದುಕೊಳ್ಳೋಣ. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಗಿರಣಿಗಳು ಮೆರೆದ ಕಾಲದಲ್ಲಿ ಅದನ್ನು ಎಣ್ಣೆ ನಗರವೆಂದೇ ಕರೆಯುತ್ತಿದ್ದರು. ಶೇಂಗಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವುದನ್ನು ಇಂಗ್ಲಿಷಿನ ಲೆಕ್ಕದಲ್ಲಿ ‘ವೇಸ್ಟ್’ ಎಂದುಬಿಡಬಹುದು. ಗಿರಣಿಯ ಹಮಾಲಿಯನ್ನು ಕೇಳಿದರೆ ಅವನಿಗೆ ಅಂಥ ಪದಾರ್ಥವೇ ಅಲ್ಲಿ ಕಾಣಿಸದು. ಎಣ್ಣೆ ಹಿಂಡಿದ ಮೇಲೆ ಉಳಿಯುವುದು ಹಿಂಡಿ. ಅದು ಕರೆಯುವ ಎಮ್ಮೆಗೆ. ಕಾಯಿಯ ಸಿಪ್ಪೆ ಒಲೆಗೆ, ಬಾಯ್ಲರಿಗೆ. ಹೊಲದಲ್ಲಿ ಕಿತ್ತ ಬಳ್ಳಿ ಒಣಗಿಸಿದರೆ ಅದೇ ಹೊಟ್ಟು, ಬೇಸಿಗೆಯ ಮೇವು. ಮನೆಯೊಳಗೂ ಹೀಗೆಯೇ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಬಸಿದ ಗಂಜಿ ಎಲ್ಲ ಸೇರಿದರೆ ಕಲಗಚ್ಚು. ಅದು ಹಸುವಿನ ಬಾನಿಗೆ. ರಾತ್ರಿ ಉಳಿದದ್ದು ತಂಗಳು. ಅದು ಬೆಳಗಿನ ಮಜ್ಜಿಗೆಗೆ ಕಾದಿರುವ ಊಟ. ತೌಡಿಗೆ ಒಂದು ಹೆಸರು, ನುಚ್ಚಿಗೆ ಒಂದು ಹೆಸರು, ಎಂಜಲಿಗೆ ಒಂದು, ಮುಸುರೆಗೆ ಒಂದು. ಯಾವ ದಾರಿಯೂ ಕಾಣದೆ ಉಳಿದದ್ದು ಕಸ. ಆ ಕಸವೂ ತಿಪ್ಪೆಗೆ ಬಿದ್ದರೆ ಮುಂಗಾರಿಗೆ ಮೊದಲು ಗೊಬ್ಬರವೆಂಬ ಹೆಸರಿನಿಂದ ಗಾಡಿಯೇರಿ ಹೊಲಕ್ಕೆ ಹೊರಡುತ್ತದೆ. ಅದು ಎಲ್ಲಿಂದ ಬಿದ್ದಿತು ಎನ್ನುವುದಕ್ಕಿಂತ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿಯೇ ನಮ್ಮವರು ಹೆಸರಿಟ್ಟಹಾಗೆ ತೋರುತ್ತದೆ.

ಮೊಳಕಾಲ್ಮೂರಿನ ಮಗ್ಗದ ಮನೆಗೆ ಹೋದರೂ ಅದೇ. ಅಲ್ಲಿಯ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಸೀರೆಯ ಬೆಲೆ ನಿಮಗೆ ಗೊತ್ತೇ ಇದೆ. ಆದರೆ ಗೂಡಿನಿಂದ ನೂಲು ಬಿಚ್ಚುವಾಗ ಎಳೆ ಹರಿದು ಸಿಕ್ಕಾಗಿ ಉಳಿಯುವ ರೇಷ್ಮೆಯನ್ನೂ ಯಾರೂ ಬೀದಿಗೆ ಎಸೆಯುವುದಿಲ್ಲ. ಆ ಸಿಕ್ಕುರೇಷ್ಮೆಯನ್ನು ಹಿಂಜಿ ಮತ್ತೆ ನೂಲು ತೆಗೆಯುವುದಕ್ಕೆಂದೇ ಹಳೆಯ ಮೈಸೂರು ಸಂಸ್ಥಾನದಲ್ಲಿ ಚನ್ನಪಟ್ಟಣದ ಗಿರಣಿ ಹುಟ್ಟಿತು. ‘ಸಿಲ್ಕ್ ವೇಸ್ಟ್’ ಎನ್ನುವುದು ವ್ಯಾಪಾರದಲ್ಲಿ ದರವುಳ್ಳ ಸರಕು.

ಈಚೆಗೆ ಕಛೇರಿಗಳಲ್ಲಿ ಇವೆಲ್ಲಕ್ಕೂ ಸೇರಿ ‘ತ್ಯಾಜ್ಯ’ ಎಂಬ ಪದ ಬಂದಿದೆ. ಘನತ್ಯಾಜ್ಯ, ದ್ರವತ್ಯಾಜ್ಯ, ಹಸಿತ್ಯಾಜ್ಯ, ಒಣತ್ಯಾಜ್ಯ. ಪ್ಲಾಸ್ಟಿಕ್ಕಿನ ಕಾಲಕ್ಕೆ ಅಂಥದೊಂದು ಪದ ಬೇಕೇನೋ, ನಾನು ತಕರಾರು ಮಾಡುವುದಿಲ್ಲ. ಆದರೆ ತ್ಯಾಜ್ಯವೆಂದರೆ ‘ಬಿಡತಕ್ಕದ್ದು’ ಎಂದರ್ಥ. ಹೆಸರಿನಲ್ಲೇ ತೀರ್ಪೂ ಸೇರಿಹೋಯಿತು. ಕಲಗಚ್ಚು ಎಂದಾಗ ಹಸು ನೆನಪಾಗುತ್ತಿತ್ತು. ಹಸಿತ್ಯಾಜ್ಯ ಎಂದಾಗ ಪುರಸಭೆಯ ಗಾಡಿ ನೆನಪಾಗುತ್ತದೆ.

ನೀರಿನ ವಿಷಯದಲ್ಲಿ ಇನ್ನೂ ಒಂದು ಸೊಗಸಾದ ಉದಾಹರಣೆ ಇದೆ. ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗಲು ಏರಿಯ ಒಂದು ಕಡೆ ಕಟ್ಟಿರುವ ಭಾಗಕ್ಕೆ ನಾವು ‘ಕೋಡಿ’ ಎನ್ನುತ್ತೇವೆ. ಲೋಕೋಪಯೋಗಿ ಇಲಾಖೆಯ ಇಂಗ್ಲಿಷ್ ಕಾಗದಗಳಲ್ಲಿ ಅದಕ್ಕೆ ‘ವೇಸ್ಟ್ ವಿಯರ್’ ಎಂದು ಹೆಸರು. ಎಂದರೆ ನೀರು ದಂಡವಾಗಿ ಹೋಗುವ ಕಟ್ಟೆ! ಎಂಜಿನಿಯರನ ದೃಷ್ಟಿಯಲ್ಲಿ ಅದು ನಿಜವೇ. ತನ್ನ ತೂಬಿನಿಂದ ತನ್ನ ಕಾಲುವೆಗೆ ಹೋಗದ ನೀರು ಅವನ ಲೆಕ್ಕಕ್ಕೆ ಸಿಕ್ಕದ ನೀರು. ಊರಿನವರಿಗೋ, ಕೋಡಿ ಬಿತ್ತೆಂದರೆ ಹಬ್ಬ. ಮುತ್ತೈದೆಯರು ಬಾಗಿನ ಹಿಡಿದು ಹೊರಡುತ್ತಾರೆ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಆ ದಿನಗಳಲ್ಲಿ ಕೋಡಿ ನೋಡಲು ನೆರೆದ ಜನ ‘ಎಷ್ಟು ನೀರು ವೇಸ್ಟ್ ಆಗುತ್ತಿದೆ’ ಎಂದು ಲೊಚಗುಟ್ಟಲು ಹೋದವರಲ್ಲ. ಕೋಡಿಯ ನೀರು ಹೋಗುವುದಾದರೂ ಎಲ್ಲಿಗೆ? ಕೆಳಗೆ ಚಳ್ಳಕೆರೆ ತಾಲ್ಲೂಕಿನ ವೇದಾವತಿಯ ಪಾತ್ರಕ್ಕೆ. ಅಲ್ಲಿ ಇಂಗಿದ ನೀರು ದಡದ ಊರುಗಳ ಬಾವಿಗಳಿಗೆ. ಮೇಲಿನವನ ಕಾಗದದಲ್ಲಿ ವೇಸ್ಟ್ ಆದದ್ದು ಕೆಳಗಿನವನ ಕೊಡದಲ್ಲಿ ನೀರು.

ಇಲ್ಲಿಯವರೆಗೆ ಹೇಳಿದ್ದು ಪದವಿನೋದವೆಂದು ನಿಮಗೆ ಅನ್ನಿಸಿರಬಹುದು. ಆದರೆ ಇದೇ ಪದ ನೆಲದ ಮೇಲೆ ಕಾಲಿಟ್ಟಾಗ ವಿನೋದ ಉಳಿಯುವುದಿಲ್ಲ.

ಹಳೆಯ ಇಂಗ್ಲೆಂಡಿನಲ್ಲಿ ಪ್ರತಿಯೊಂದು ಜಹಗೀರಿನಲ್ಲೂ ಉಳುವ ಹೊಲಗಳ ಆಚೆ ‘ವೇಸ್ಟ್’ ಎಂಬ ನೆಲ ಇರುತ್ತಿತ್ತು. ಅದು ನಿರುಪಯೋಗಿ ನೆಲವೇನಲ್ಲ. ಉತ್ತು ಬಿತ್ತದ ನೆಲ, ಅಷ್ಟೆ. ಊರಿನ ಬಡಬಗ್ಗರು ತಮ್ಮ ಹಸು, ಕುರಿ, ಹಂದಿಗಳನ್ನು ಅಲ್ಲಿ ಮೇಯಿಸುತ್ತಿದ್ದರು. ಸೌದೆ, ಸೊಪ್ಪು ತರುತ್ತಿದ್ದರು. ಅದು ಅವರಿಗೆ ಕಾನೂನು ಒಪ್ಪಿದ ಹಕ್ಕು. ಆ ದೇಶದ ಕಾಯಿದೆಯಲ್ಲಿ ಇನ್ನೊಂದು ‘ವೇಸ್ಟ್’ ಉಂಟು: ಗೇಣಿದಾರನು ಒಡೆಯನ ಆಸ್ತಿಗೆ ಮಾಡುವ ಹಾನಿ. ಮರ ಕಡಿದರೆ ಅದು ವೇಸ್ಟ್, ಮನೆ ಕೆಡವಿದರೆ ವೇಸ್ಟ್. ಹಳೆಯ ಹುಲ್ಲುಗಾವಲನ್ನು ಉತ್ತು ಹೊಲ ಮಾಡಿದರೆ ಅದೂ ವೇಸ್ಟ್! ಗಮನಿಸಿ: ಹುಲ್ಲುಬಯಲೂ ವೇಸ್ಟ್, ಆ ಹುಲ್ಲುಬಯಲನ್ನು ಉಳುವ ತಪ್ಪೂ ವೇಸ್ಟ್. ಒಂದೇ ಪದ ಎದುರುಬದುರು ನಿಂತು ತನ್ನ ಮೇಲೆ ತಾನೇ ಸಾಕ್ಷಿ ಹೇಳುತ್ತಿತ್ತು.

ಹದಿನೇಳನೆಯ ಶತಮಾನದ ಕೊನೆಗೆ ಈ ತೂಕ ಒಂದು ಕಡೆಗೆ ವಾಲಿತು. ಜಾನ್ ಲಾಕ್ ಎಂಬ ತತ್ತ್ವಜ್ಞಾನಿ 1689ರಲ್ಲಿ ಹೊರತಂದ ರಾಜ್ಯಶಾಸ್ತ್ರದ ಗ್ರಂಥದಲ್ಲಿ, ಮನುಷ್ಯನ ದುಡಿಮೆ ಸೋಕದೆ ಪ್ರಕೃತಿಗೆ ಬಿಟ್ಟ ನೆಲವೆಲ್ಲ ವೇಸ್ಟ್, ದುಡಿದವನು ಅದಕ್ಕೆ ಒಡೆಯನಾಗಬಹುದು ಎಂಬ ವಾದ ಹೂಡಿದ.  ಮುಂದಿನ ಎರಡು ಶತಮಾನಗಳಲ್ಲಿ ಇಂಗ್ಲೆಂಡಿನ ಊರೊಟ್ಟಿನ ಬಯಲುಗಳಿಗೆ ಬೇಲಿ ಬಿತ್ತು. ಅದೇ ಪದ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. 1861ರಲ್ಲಿ ಲಾರ್ಡ್ ಕ್ಯಾನಿಂಗನ ಸರ್ಕಾರ ‘ವೇಸ್ಟ್ ಲ್ಯಾಂಡ್’ಗಳನ್ನು ಮಾರುವುದಕ್ಕೆಂದೇ ನಿಯಮ ಮಾಡಿತು. ಇಲ್ಲಿ ಅದರ ಅರ್ಥ ಇನ್ನಷ್ಟು ಚಿಕ್ಕದಾಯಿತು: ಕಂದಾಯ ಹುಟ್ಟದ ನೆಲ.

ನಮ್ಮ ಕಂದಾಯದ ಭಾಷೆಯಲ್ಲಿ ಇದಕ್ಕೆ ಜೊತೆಯಾಗಿ ಕುಳಿತ ಪದ ‘ಖರಾಬು’. ಪಾರಸಿಯ ದಾರಿಯಲ್ಲಿ ಬಂದ ಈ ಮಾತಿಗೆ ಕೆಟ್ಟದ್ದು, ಹಾಳಾದದ್ದು ಎಂದರ್ಥ. ನಿಮ್ಮ ಪಹಣಿಯನ್ನು ತೆಗೆದು ನೋಡಿದರೆ ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂದು ಕಾಣುತ್ತದೆ. ‘ಅ’ ಎಂದರೆ ಸಾಗುವಳಿಗೆ ಒಗ್ಗದ್ದು. ರೈತನ ಕಣ, ಕೊಟ್ಟಿಗೆ ಇದ್ದ ಜಾಗವೂ ಅದರಲ್ಲೇ. ‘ಬ’ ಎಂದರೆ ಸಾರ್ವಜನಿಕರದು: ರಸ್ತೆ, ಕಾಲುದಾರಿ, ಹಳ್ಳ, ಕೆರೆ, ಸ್ಮಶಾನ. ಕೆರೆಯೂ ಖರಾಬು, ದಾರಿಯೂ ಖರಾಬು, ಧಾನ್ಯದ ರಾಶಿ ಮಾಡುವ ಕಣವೂ ಖರಾಬು! ಕಂದಾಯ ಕೊಡುವುದಿಲ್ಲ ಎಂಬ ಒಂದೇ ಅಪರಾಧಕ್ಕೆ. ಜನರಿಲ್ಲದ ಗ್ರಾಮಕ್ಕೆ ಅದೇ ದಫ್ತರದಲ್ಲಿ ‘ಬೇಚರಾಕ್’ ಎನ್ನುತ್ತಾರೆ. ದೀಪವಿಲ್ಲದ್ದು ಎಂದು ಅದರ ಮೂಲಾರ್ಥ. ಶುಷ್ಕ ದಫ್ತರದೊಳಗೆ ಇಂಥ ಪದವೊಂದು ಹೇಗೆ ಉಳಿದುಕೊಂಡಿತೋ ಎಂದು ನನಗೆ ಆಶ್ಚರ್ಯ.

ಕನ್ನಡದ ಸ್ವಂತ ಪದಗಳಿಗೆ ಕಣ್ಣು ಇನ್ನೂ ಸೂಕ್ಷ್ಮ. ಉಳುತ್ತಿದ್ದು ಈಚೆಗೆ ಬಿಟ್ಟದ್ದು ಬೀಳು. ನಾಳೆ ಮತ್ತೆ ಉಳಬಹುದು. ಏನೂ ಹುಟ್ಟದ್ದು ಬರಡು. ಊರ ದನಕ್ಕೆ ಬಿಟ್ಟದ್ದು ಗೋಮಾಳ. ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಮೀಸಲಿಡಬೇಕೆಂದು 1966ರ ಭೂಕಂದಾಯ ನಿಯಮಗಳೇ ಹೇಳುತ್ತವೆ. ಮಲೆನಾಡಿಗೆ ಹೋದರೆ ಸೊಪ್ಪಿನಬೆಟ್ಟ, ಕಾನು; ದಕ್ಷಿಣ ಕನ್ನಡದಲ್ಲಿ ಕುಮ್ಕಿ; ಕೊಡಗಿನಲ್ಲಿ ಬಾಣೆ. ಒಂದೊಂದರ ಹಿಂದೆ ಒಂದೊಂದು ಬಗೆಯ ಹಕ್ಕು. ಒಂದು ಕಾಲಕ್ಕೆ ಊರಾಗಿದ್ದು ಈಗ ಬರೀ ಮಣ್ಣಾದದ್ದು ಹಾಳೂರು.

ಹಾಳೂರೆಂದಾಗ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ದಾಟಿ ಮುಂದೆ ಹೋಗಲಾಗದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಪತ್ತೆಮಾಡಿದರು. ಶಾಸನದಲ್ಲಿ ಇಸಿಲ ಎಂಬ ಊರಿನ ಹೆಸರಿದೆ. ಕೆತ್ತಿದ ಲಿಪಿಕಾರ ಚಪಡ. ‘ಲಿಪಿಕಾರನಿಂದ’ ಎಂಬರ್ಥದ ಒಂದು ಮಾತನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದುಬಿಟ್ಟಿದ್ದಾನೆ. ದೂರದ ವಾಯವ್ಯದ ಲಿಪಿ ಅದು. ಪರಸ್ಥಳದ ಬರೆಹಗಾರರು ಪರಭಾಷೆಯ ಪದಗಳನ್ನು ಈ ಸೀಮೆಯ ಬಂಡೆಗಳ ಮೇಲೆ ತಂದಿಳಿಸುವುದು ಇಂದು ನಿನ್ನೆಯದಲ್ಲ ಎಂದಾಯಿತು. ಅದೇ ಬ್ರಹ್ಮಗಿರಿಯ ಬುಡದ ಹಾಳುಮಣ್ಣನ್ನು 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದರು. ಅಲ್ಲಿಯ ಜನ ಒಡೆದು ಎಸೆದ ಮಡಕೆಯ ಚೂರುಗಳನ್ನು ಪದರಪದರವಾಗಿ ಜೋಡಿಸಿ, ಅರಿಕಮೇಡಿನಲ್ಲಿ ಸಿಕ್ಕಿದ ಚೂರುಗಳೊಡನೆ ಹೋಲಿಸಿ, ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಗೆ ಒಂದು ಮೆಟ್ಟಿಲು ಕಟ್ಟಿದರು. ತಿಪ್ಪೆಗೆ ಹೋದ ಚೂರಿಗೂ ಮುಂದೊಂದು ದಾರಿ ಇತ್ತು.

ಬ್ರಹ್ಮಗಿರಿಯಿಂದ ಚಳ್ಳಕೆರೆಯ ಕಡೆಗೆ ತಿರುಗಿದರೆ ಬೆಟ್ಟಬಂಡೆ ಹಿಂದಾಗಿ ಬಯಲು ತೆರೆಯುತ್ತದೆ. ಈ ಬಯಲಿಗೆ ಕನ್ನಡದವರು ಇಟ್ಟ ಹೆಸರು ‘ಕಾವಲು’. ಕಾಯು ಎಂಬ ಧಾತುವಿನಿಂದ ಬಂದ ಪದ. ಕಾದಿರಿಸಿದ್ದು, ಕಾಪಾಡಿದ್ದು, ಅನ್ಯರು ನುಗ್ಗದಂತೆ ನೋಡಿಕೊಂಡದ್ದು. ಇಂಗ್ಲಿಷಿನವನು ಯಾವ ನೆಲವನ್ನು ‘ಯಾರೂ ಇಲ್ಲದ್ದು’ ಎಂದು ಕರೆದಾನೋ, ಅದನ್ನೇ ನಮ್ಮವರು ‘ಕಾಯುವವರಿರುವುದು’ ಎಂದು ಕರೆದರು. ಎರಡು ಪದಗಳು ಇದಕ್ಕಿಂತ ದೂರ ನಿಲ್ಲಲಾರವು.

ಕಾವಲುಗಳ ಚರಿತ್ರೆ ದೊಡ್ಡದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಟಿಪ್ಪು ಅದನ್ನು ಅಮೃತ ಮಹಲ್ ಎಂದು ಕರೆದ. ಹೆಸರು ಹಾಲುಬೆಣ್ಣೆಯದಾದರೂ ಕೆಲಸ ದಂಡಿನದು. ಫಿರಂಗಿ, ಮದ್ದು, ಸಾಮಾನು ಎಳೆಯುವ ವೇಗದ ಎತ್ತುಗಳು ಇಲ್ಲಿಂದ ಹೋಗಬೇಕಾಗಿತ್ತು. ಹೈದರ್ ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದು ಚಿದಂಬರದ ನೆರವಿಗೆ ಹೋದನೆಂಬ ಸಂಗತಿಯನ್ನು ಮೈಸೂರು ಗೆಜೆಟಿಯರು ನಮೂದಿಸುತ್ತದೆ. 1799ರ ನಂತರ ಇಲಾಖೆ ಇಂಗ್ಲಿಷರ ಕೈ ಸೇರಿತು. 1860ರಲ್ಲಿ ಖರ್ಚಿನ ನೆಪದಲ್ಲಿ ಮಂದೆಗಳನ್ನೆಲ್ಲ ಮಾರಿದರು. ಆಮೇಲೆ ಪರಿತಪಿಸಿ 1866ರಲ್ಲಿ ಮತ್ತೆ ಕಟ್ಟಿದರು. ಅವರೇ ಇಂಗ್ಲಿಷಿನಲ್ಲಿ ಬರೆದ ಕಾಗದಗಳಲ್ಲಿ ‘ಕಾವಲ್’ ಎಂಬ ಪದವನ್ನು ತರ್ಜುಮೆ ಮಾಡದೆ ಹಾಗೆಯೇ ಉಳಿಸಿಕೊಂಡರು. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದರು. ಆ ವಿಂಗಡಣೆಯನ್ನು ಕಲಿಸಿದವರು ಕಾವಲುಗಾರರೇ ಇರಬೇಕು. ಒಂದು ಕಾವಲಿನಲ್ಲಿ ಮಂದೆ ಮೇಯುತ್ತಿರುವಾಗ ಇನ್ನೊಂದು ಖಾಲಿ ಇರುತ್ತದೆ. ಆ ಖಾಲಿಯೇ ಅದರ ಕೆಲಸ; ಹುಲ್ಲು ಮರುಚಿಗುರಲು ಬಿಟ್ಟ ಕಾಲ. ದಾರಿಹೋಕ ಅದೇ ತಿಂಗಳು ನೋಡಿದರೆ ‘ಬಿದ್ದಿರುವ ಜಾಗ’ ಎನ್ನುತ್ತಾನೆ.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಚಳ್ಳಕೆರೆಯೂ ಒಂದು. ವೈಶಾಖದಲ್ಲಿ ಆ ಬಯಲನ್ನು ನೋಡಿದರೆ ಹುಲ್ಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಜೀವವೆಲ್ಲ ಬೇರಿನಲ್ಲಿ ಅಡಗಿ ಕೂತಿರುತ್ತದೆ. ಎರಡು ಹದಮಳೆ ಬಿದ್ದರೆ ವಾರದೊಳಗೆ ನೆಲ ಹಸುರು. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳ ಮಂದೆಗಳುಂಟು. ಕಿಲಾರಿಗಳು ಅವನ್ನು ರೊಪ್ಪದಿಂದ ಬಿಟ್ಟು ಬಯಲಿಗೆ ಹೊಡೆಯುತ್ತಾರೆ. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ. ಗಾದ್ರಿಪಾಲನಾಯಕನಂಥ ವೀರರು ಅವರಲ್ಲಿ ಪೂಜೆಗೊಳ್ಳುವುದು ದನ ಕಾಯ್ದವರೆಂದು. ಲಾಕ್ ಮಹಾಶಯ ಇಲ್ಲಿಗೆ ಬಂದಿದ್ದರೆ ಉಳದ ಎತ್ತು ಉಳದ ನೆಲದಲ್ಲಿ ಮೇಯುವುದನ್ನು ಕಂಡು ಏನೆನ್ನುತ್ತಿದ್ದನೋ! ಕಾಡುಗೊಲ್ಲರ ಹಟ್ಟಿಗಳ ಆಡು ಕುರಿ, ಕುರುಬರ ಕುರಿಮಂದೆ ಕೂಡ ಇದೇ ಬಯಲಿನವು. ಕುರಿಯ ಉಣ್ಣೆ ಕಂಬಳಿಯಾಗುತ್ತದೆ; ಚಳ್ಳಕೆರೆ ಸೀಮೆಯ ಕಂಬಳಿ ಹೆಸರಾದದ್ದು. ಆ ಕಂಬಳಿಯ ಲೆಕ್ಕ ಹಿಡಿದು ಹಿಂದಕ್ಕೆ ಹೋದರೆ ಮಗ್ಗ, ಉಣ್ಣೆ, ಕುರಿ, ಕೊನೆಗೆ ಹುಲ್ಲು. ಪಹಣಿಯಲ್ಲಿ ಆ ಹುಲ್ಲಿಗೆ ಬೆಳೆಯ ಕಾಲಮ್ಮಿಲ್ಲ.

1985ರಲ್ಲಿ ಕೇಂದ್ರ ಸರ್ಕಾರ ‘ವೇಸ್ಟ್‌ಲ್ಯಾಂಡ್’ ಅಭಿವೃದ್ಧಿಗೆಂದು ರಾಷ್ಟ್ರೀಯ ಮಂಡಳಿಯೊಂದನ್ನು ರಚಿಸಿತು. 2000ದಲ್ಲಿ ದೇಶದ ವೇಸ್ಟ್‌ಲ್ಯಾಂಡುಗಳ ನಕಾಶೆ ಪುಸ್ತಕವೂ ಬಂತು. ಸವೆದ ಹುಲ್ಲುಗಾವಲು, ಕುರುಚಲು ನೆಲ ಎಲ್ಲವೂ ಆ ಪುಸ್ತಕದಲ್ಲಿ ಒಂದೊಂದು ವರ್ಗ. ಉದ್ದೇಶ ಒಳ್ಳೆಯದೇ. ಆದರೆ ವೇಸ್ಟ್ ಎಂದು ಹೆಸರಿಟ್ಟ ಮೇಲೆ ಅದನ್ನು ‘ಉಪಯೋಗಕ್ಕೆ ತರುವ’ ಆತುರ ಹುಟ್ಟದೆ ಇರದು. ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಊರೊಟ್ಟಿನ ನೆಲಕ್ಕೆ ಕಾರ್ಖಾನೆಯ ಮರದ ತಿರುಳಿಗಾಗಿ ನೀಲಗಿರಿ ನೆಟ್ಟಾಗ, 1987ರ ನವೆಂಬರ್ 14ರಂದು ಜನ ಆ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಸರ್ಕಾರದ ಭಾಷೆಯಲ್ಲಿ ಅಲ್ಲಿ ಇದ್ದುದು ಕೆಳದರ್ಜೆಯ ನೆಲ. ಊರಿನವರ ಭಾಷೆಯಲ್ಲಿ ಅದು ಮೇವು, ಸೌದೆ.

ಚಳ್ಳಕೆರೆಯ ಸರದಿ ಇಪ್ಪತ್ತು ವರ್ಷಗಳ ಮೇಲೆ ಬಂತು. 2008ರಿಂದ ಆಚೆಗೆ ಕೆಲವೇ ವರ್ಷಗಳಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10,000 ಎಕರೆ ನೆಲ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು: ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣುಸಂಶೋಧನ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಒಂದು ಖಾಸಗಿ ಸೌರವಿದ್ಯುತ್ ಕಂಪೆನಿಗೂ ಪಾಲು ಸಿಕ್ಕಿತು. ಎಷ್ಟೋ ಹಳ್ಳಿಗಳವರಿಗೆ ವಿಷಯ ಮುಟ್ಟಿದ್ದು ಗೋಡೆ ಏಳತೊಡಗಿದ ಮೇಲೆ. ಕುರಿ ಹೊಡೆದುಕೊಂಡು ಹೋದವರು ಗೋಡೆಯ ಬದಿಯಿಂದ ಹಿಂದಿರುಗಿದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2014ರ ಆಗಸ್ಟಿನಲ್ಲಿ ತೀರ್ಪಾಯಿತು, ಸಂಸ್ಥೆಗಳು ನೆಲೆಯೂರಿದವು.

ಈ ಸಂಸ್ಥೆಗಳ ಕೆಲಸವನ್ನು ನಾನು ಹೀಗಳೆಯುವವನಲ್ಲ. 2017ರಲ್ಲಿ ಇಲ್ಲಿ ವೈಮಾನಿಕ ಪರೀಕ್ಷಾ ವಲಯ ಆರಂಭವಾಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ರೆಕ್ಕೆಯುಳ್ಳ ಮರುಬಳಕೆಯ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ನಡೆಸುವವನಿಲ್ಲದ ಆ ವಾಹನ ತಾನೇ ದಾರಿ ನೋಡಿಕೊಂಡು ಬಂದು ಓಡುದಾರಿಯ ಮೇಲೆ ಇಳಿಯಿತು. 2024ರಲ್ಲಿ ‘ಪುಷ್ಪಕ್’ ಎಂಬ ಹೆಸರಿನಿಂದ ಮತ್ತೆರಡು ಸಲ ಅದನ್ನು ಸಾಧಿಸಿದರು. ಹಾರಿಸಿದ ರಾಕೆಟ್ಟು ಪ್ರತಿಸಲವೂ ಸಮುದ್ರದ ಪಾಲಾಗದಿರಲಿ, ಹಿಂದಿರುಗಿ ಬಂದು ಮತ್ತೆ ಬಳಕೆಯಾಗಲಿ ಎಂಬುದೇ ಆ ಪ್ರಯೋಗದ ಗುರಿ. ಏನನ್ನೂ ವೇಸ್ಟ್ ಮಾಡಬಾರದೆಂಬ ವಿದ್ಯೆಯನ್ನು ಕಾವಲಿನ ನೆಲದ ಮೇಲೆ ಅಭ್ಯಾಸ ಮಾಡುತ್ತಿದ್ದಾರೆ! ಇಂಥ ಪ್ರಯೋಗಕ್ಕೆ ವಿಶಾಲವಾದ ಬಯಲು ಬೇಕೇ ಬೇಕು. ನನ್ನ ದೂರು ಇಷ್ಟೇ: ‘ಇದು ಕುರಿಯವರ, ಕಿಲಾರಿಗಳ ಮೇವಿನ ನೆಲ, ಇದರಿಂದ ಇಷ್ಟನ್ನು ದೇಶಕ್ಕಾಗಿ ಕೇಳುತ್ತಿದ್ದೇವೆ, ಬದಲಿಗೆ ಇದನ್ನು ಕೊಡುತ್ತೇವೆ’ ಎಂದು ಹೇಳಿ ತೆಗೆದುಕೊಳ್ಳುವುದು ಒಂದು ಬಗೆ. ‘ಖಾಲಿ ಬಿದ್ದಿತ್ತು, ತೆಗೆದುಕೊಂಡೆವು’ ಎನ್ನುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಕೊಡುವವನೊಬ್ಬ ಇರುತ್ತಾನೆ. ಅವನೊಡನೆ ಚೌಕಾಸಿ ಮಾಡಬೇಕು, ಅವನ ಋಣ ಉಳಿಯುತ್ತದೆ. ಎರಡನೆಯದರಲ್ಲಿ ಕೊಡುವವನೇ ಇಲ್ಲ. ‘ವೇಸ್ಟ್’ ಎಂಬ ಪದ ಮಾಡುವ ಕೆಲಸವೇ ಅದು: ಎದುರಿಗೆ ನಿಂತವನನ್ನು ಕಾಣದಂತೆ ಮಾಡುವುದು.

ಹಾಗಾದರೆ ತರ್ಜುಮೆಯವನು ಏನು ಮಾಡಬೇಕು? ಮೇಜಿನ ಮೇಲೆ ಇಂಗ್ಲಿಷ್ ಕಡತ ಇದೆ. ಅದರಲ್ಲಿ ‘ವೇಸ್ಟ್’ ಎಂದಿದೆ. ಮೊದಲು ಕಡತ ಮುಚ್ಚಿ, ಮಾತು ಜಾಗದ್ದೋ, ಪದಾರ್ಥದ್ದೋ ಎಂದು ನೋಡಬೇಕು. ಪದಾರ್ಥವಾದರೆ ಅದರ ಮುಂದಿನ ದಾರಿ ಕೇಳಿ, ಹಿಂಡಿಯೋ ಹೊಟ್ಟೋ ಕಸವೋ, ಅದರ ಹೆಸರನ್ನೇ ಬರೆಯಬೇಕು. ಜಾಗವಾದರೆ ಅಲ್ಲಿಗೆ ಯಾವ ತಿಂಗಳಲ್ಲಿ ಯಾರ ದನ ಬರುತ್ತದೆ ಎಂದು ಹತ್ತಿರದ ಹಟ್ಟಿಯಲ್ಲಿ ವಿಚಾರಿಸಬೇಕು. ಉತ್ತರ ಸಿಕ್ಕಿದರೆ ಗೋಮಾಳ, ಕಾವಲು, ಬೀಳು ಯಾವುದಾದರೊಂದು ತಾನಾಗಿ ಲೇಖಣಿಗೆ ಬರುತ್ತದೆ. ಅಷ್ಟು ದೂರ ಹೋಗಲು ಪುರಸತ್ತಿಲ್ಲವೆ? ‘ಸಾಗುವಳಿಯಾಗದ ನೆಲ’ ಎಂದು ಬರೆದರೂ ನಡೆದೀತು. ಎರಡಕ್ಷರದ ಜಾಗದಲ್ಲಿ ಒಂಬತ್ತು ಅಕ್ಷರವಾಗುತ್ತದೆ, ಕಾಗದ ಸ್ವಲ್ಪ ಹೆಚ್ಚು ಹಿಡಿಯುತ್ತದೆ; ಅದನ್ನು ಮಾತ್ರ ಯಾರೂ ವೇಸ್ಟ್ ಎನ್ನಲಾರರು. ಬಾನುಲಿಯವರು ನನಗೆ ಕೊಟ್ಟ ಹೊತ್ತೂ ಇಲ್ಲಿಗೆ ಮುಗಿಯಿತು.